ಇಬ್ಬರು ಹುಡುಗರು ಮತ್ತು ಒಂದು ಮೊಣಕೈ

ಮಾನ್ಯ ಜನರಲ್ ಮ್ಯಾನೇಜರ್ ಅವರೇ,

ಕಳೆದ ಬೇಸಿಗೆಯಲ್ಲಿ ನೀವು ಮಾಡಿದ ಆಟಗಾರರ ಅದಲುಬದಲು ಸರಿಯಾಗಿತ್ತೆಂದು ತೋರಿಸಿಕೊಳ್ಳಲು ಈಗ ಒಬ್ಬನ ತೋಳನ್ನೇ ಬಲಿ ಕೊಡಲು ಹೊರಟಿದ್ದೀರಿ. ಅದು ಬೇಡ ಎಂದು ಹೇಳುವುದಕ್ಕೆ ಈ ಪತ್ರ.

ನಿಮ್ಮ ದೊಡ್ಡ ಬೇಸ್‌ಬಾಲ್ ತಂಡಕ್ಕೆ ಮುಂದೆ ಬೇಕಾಗುವ ಹುಡುಗರು ಅಯೋವಾದ ನಮ್ಮ ಸಣ್ಣ ಊರಿನ ಕಿರಿಯ ತಂಡದಲ್ಲಿ ಪಳಗುತ್ತಾರೆ. ಅವರನ್ನು ಊರಿನವರೇ ಮನೆಯಲ್ಲಿಟ್ಟುಕೊಳ್ಳುವುದು ಇಲ್ಲಿಯ ವಾಡಿಕೆ. ವೆನೆಜುವೆಲಾದ ಎಲಿಯೆಸರ್ ಮತ್ತು ಕೆಂಟಕಿಯ ಡ್ವೇನ್ ನಮ್ಮ ಮನೆಯ ಕೆಳಕೋಣೆಯಲ್ಲಿದ್ದರು. ಒಂದು ಸಂಜೆ ಊಟದ ನಡುವೆ ಫೋನು ಬಂತು. ಇಬ್ಬರನ್ನೂ ಪಶ್ಚಿಮದ ಯಾವುದೋ ತಂಡಕ್ಕೆ ಕೊಟ್ಟು, ಚೆಂಡೆಸೆತದಲ್ಲಿ ಹೆಸರಾದ ಗ್ಯಾರೆಟ್ ಪೂಲ್ ಎಂಬ ಪಿಚರ್‌ನನ್ನು ನೀವು ತಂದಿದ್ದಿರಿ. ಎಲಿಯೆಸರ್ ಉಳಿದ ಜೋಳದ ತೆನೆ ತಿಂದು ಮುಗಿಸಿ, ತಟ್ಟೆ ತೊಳೆದಿಟ್ಟು ಹೊರಟ.

ಮಾರನೆಯ ಬೆಳಗ್ಗೆಯೇ ಪತ್ರಿಕೆಗಳು ನಿಮ್ಮ ಜಾಣತನಕ್ಕೆ ಅಂಕ ಕೊಟ್ಟವು. ಬಿತ್ತಿದ ದಿನವೇ ಫಸಲಿಗೆ ಅಂಕ ಕೊಡುವ ರೈತನನ್ನು ನಾನಂತೂ ಕಂಡಿಲ್ಲ. ಮೂರನೆಯ ಆಟದಲ್ಲಿ ಪೂಲ್‌ನ ಮೊಣಕೈಯ ಲಿಗಮೆಂಟ್ ಹರಿಯಿತು. ಕೊಟ್ಟವರೇ ಅಂಕ ಕಿತ್ತುಕೊಂಡರು. ಶಸ್ತ್ರಚಿಕಿತ್ಸೆಯಾದ ಮೇಲೆ, ಚೇತರಿಸಿಕೊಳ್ಳಲೆಂದು ಅವನನ್ನು ನೀವು ಕಳಿಸಿದ್ದಾದರೂ ಎಲ್ಲಿಗೆ? ಅದೇ ಕೆಳಕೋಣೆಗೆ.

ಅವನ ಮುಖ ನೋಡಲೂ ನನಗೆ ಮನಸ್ಸಿರಲಿಲ್ಲ. ಅವನೋ ಬಾಗಿಲಲ್ಲೇ ನಿಂತು, "ನಿಮ್ಮ ಹುಡುಗರನ್ನ ನುಂಗಿದೋನು ನಾನೇ. ಒಳಗೆ ಬರಲಾ, ಹಿಂಗೇ ಹೋಗಲಾ?" ಎಂದ.

ನನ್ನ ಹೆಂಡತಿ ಆರ್ಡಿಸ್, "ಮೊದಲು ಕೈ ತೊಳ್ಕೊಂಡು ಬಾ. ಊಟ ಆದ್ಮೇಲೆ ಬಯ್ತೀನಿ" ಎಂದಳು. ಇವತ್ತಿನವರೆಗೂ ಬಯ್ದಿಲ್ಲ.

ಅವನು ಬಹುತೇಕ ಗುಣವಾಗಿದ್ದಾನೆ, ಸೆಪ್ಟೆಂಬರಿನಲ್ಲಿ ಆಡುತ್ತಾನೆ ಎಂದು ನಿಮ್ಮ ಕಚೇರಿ ಪ್ರಕಟಿಸಿದ ದಿನ, ಪೂಲ್ ಸೌತೆಕಾಯಿ ಉಪ್ಪಿನಕಾಯಿಯ ಬಾಟಲಿಯ ಮುಚ್ಚಳ ತೆಗೆಯಲಾಗದೆ ಅದನ್ನು ಆರ್ಡಿಸ್‌ಗೆ ಕೊಟ್ಟ. ದುಬಾರಿ ಕೈಯಮ್ಮ ಇದು, ಇಂಥದ್ದಕ್ಕೆಲ್ಲ ಬಳಸೋ ಹಾಗಿಲ್ಲ ಎಂದು ನಗಿಸಿದ. ವೈದ್ಯರು ಮುಂದಿನ ವಸಂತದವರೆಗೆ ಚೆಂಡು ಎಸೆಯಬೇಡ ಎಂದಿದ್ದಾರಂತೆ. ಹಾಗಾದರೆ ಸೆಪ್ಟೆಂಬರ್ ಯಾರಿಗೆ ಬೇಕು? ಟಿಕೆಟ್ ಕೊಂಡವರಿಗೋ, ಮೈಕಿನ ಮುಂದೆ ಉತ್ತರಿಸಬೇಕಾದ ನಿಮಗೋ?

"ಆಗಲ್ಲ ಅಂತ ಹೇಳಿಬಿಡಪ್ಪ" ಎಂದೆ.

"ಆಗಲ್ಲ ಅಂದ್ರೆ, ಆ ಇಬ್ಬರನ್ನ ಸುಮ್ನೆ ಕೊಟ್ಟಂಗಾಯ್ತಲ್ಲ" ಎಂದ.

ಈ ಲೆಕ್ಕವನ್ನು ಅವನ ತಲೆಗೆ ತುಂಬಿದವರು ನೀವೆಲ್ಲ. ಭಾನುವಾರ ಎಲಿಯೆಸರ್ ಫೋನು ಮಾಡಿದಾಗ ಇದನ್ನು ಅವನಿಗೆ ಹೇಳಿದೆ. ಅವನಿಗೆ ಸಿಟ್ಟೇ ಬಂತು. "ನಾನೇನು ಸತ್ತುಹೋಗಿದೀನಾ? ಇಲ್ಲೂ ಆಡ್ತಾನೇ ಇದೀನಿ. ನನ್ನ ಹೆಸರಲ್ಲಿ ಅವನು ಕೈ ಕಳ್ಕೊಳ್ಳೋದು ಬೇಡ ಅಂತ ಹೇಳಿ" ಎಂದ. ಹೇಳಿದೆ. ಪೂಲ್ ಸರಿ ಎಂಬಂತೆ ತಲೆಯಾಡಿಸಿದ. ಬೆಳಗ್ಗೆ ಎದ್ದು ನೋಡಿದರೆ, ಚೆಂಡಿನ ಚೀಲ ಹೆಗಲಿಗೇರಿಸಿ ಮೈದಾನಕ್ಕೆ ಹೋಗಿದ್ದ. ಈ ಪತ್ರ ಅವನಿಗೆ ಇಷ್ಟವಿಲ್ಲ. ಕೋಪವೇನಿದ್ದರೂ ನನ್ನ ಮೇಲಿರಲಿ.

ಆದ್ದರಿಂದ ನನ್ನ ಬೇಡಿಕೆ ಇಷ್ಟು: ಆ ಅದಲುಬದಲಿನಲ್ಲಿ ಸೋತೆವು ಎಂದು ನೀವೇ ಬಹಿರಂಗವಾಗಿ ಹೇಳಿ. ಹೇಳಿದರೆ ಜನ ಒಂದು ವಾರ ಬಯ್ಯುತ್ತಾರೆ, ಆಮೇಲೆ ಮರೆಯುತ್ತಾರೆ. ಹೇಳದಿದ್ದರೆ ಅವನು ಆ ಕೈಯಲ್ಲೇ ಚೆಂಡು ಎಸೆಯುತ್ತಾನೆ.

ಇಂತಿ,
ನೀವು ಮುಂದೆ ಯಾರನ್ನು ಕಳಿಸಿದರೂ ಹಾಸಿಗೆ ಹಾಸಿಕೊಡುವ,
ವರ್ನರ್ ಹೋಲ್ಟ್‌ಗ್ರೆನ್