ಒಂದು ಕಾಪಿ ಜಾಸ್ತಿ

ಉಪ್ಪಾರಹಳ್ಳಿ, ತುಮಕೂರು
11 ನವೆಂಬರ್ 2007

ಪ್ರೀತಿಯ ಇಸ್ಮಾಯಿಲ್,

ನಿನಗೂ ನಿನ್ನ ಮನೆಯಾಕೆ ತಂಗಿ ಜಮಾಲುನ್ನೀಸಾಗೂ ನನ್ನ ಮತ್ತು ಲಕ್ಷ್ಮೀದೇವಮ್ಮನ ನಮಸ್ಕಾರ. ದೀಪಾವಳಿಗೆ ಫೋನೂ ಇಲ್ಲ, ಕಜ್ಜಾಯವೂ ಇಲ್ಲ, ಈ ಮಹಾಲಿಂಗಯ್ಯನಿಗೆ ಏನು ಬಂತು ರೋಗ ಎಂದು ಬೈದುಕೊಂಡಿರುತ್ತೀಯ. ಬೈಯುವ ಹಕ್ಕು ನಿನಗಿದೆ. ಗುಬ್ಬಿ ಪೇಟೆಯಲ್ಲಿ ನಿಮ್ಮಪ್ಪನ ಹಾಸಿಗೆ ಅಂಗಡಿ, ನಮ್ಮಪ್ಪನ ವಿಭೂತಿ ಅಂಗಡಿ ಒಂದೇ ಗೋಡೆಗೆ ಒರಗಿಕೊಂಡಿದ್ದ ಕಾಲದಿಂದ ಇವತ್ತಿನವರೆಗೆ ನಾವು ಒಂದು ಹಬ್ಬವನ್ನೂ ಮಾತಾಡದೆ ಕಳೆದಿಲ್ಲ. ಈ ಸಲ ಎರಡು ಬಾರಿ ಫೋನ್ ಕೈಗೆ ತೆಗೆದುಕೊಂಡು ಹಾಗೇ ಕೆಳಗಿಟ್ಟೆ. ಯಾಕೆಂದು ಹೇಳಲಿಕ್ಕೇ ಈ ಕಾಗದ. ಅಂಚೆಗೆ ಹಾಕದೆ ಕುಣಿಗಲ್ ಬಸ್ಸಿನ ಕಂಡಕ್ಟರ್ ಗಂಗಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ಉತ್ತರವನ್ನೂ ಅವನ ಕೈಯಲ್ಲೇ ಕೊಡು. ದಯವಿಟ್ಟು ಫೋನ್ ಮಾಡಬೇಡ.

ಹಬ್ಬಕ್ಕೆ ಎರಡು ದಿನ ಮುಂಚೆ, ಬುಧವಾರ ಮಧ್ಯಾಹ್ನ, ನನ್ನ ಜೆರಾಕ್ಸ್-ಮೊಬೈಲ್ ಅಂಗಡಿಗೆ ಇಬ್ಬರು ಬಂದರು. ಇನ್ನೂ ಚಿಕ್ಕ ವಯಸ್ಸು, ಇಸ್ತ್ರಿ ಮಾಡಿದ ಷರ್ಟು. ಯಾವುದೋ ಮೊಬೈಲ್ ಕಂಪನಿಯವರು ಬೋರ್ಡು ಹಾಕಲು ಬಂದಿದ್ದಾರೆ ಎಂದುಕೊಂಡು ನಾನು ಟೀ ತರಿಸಲೇ ಎಂದೆ. ಬೆಂಗಳೂರಿನಿಂದ ಬಂದ ಪೊಲೀಸರಂತೆ. ಒಬ್ಬ ಸ್ಟೂಲಿನ ಮೇಲೆ ಕೂತು, ಬಲು ಮರ್ಯಾದೆಯಿಂದಲೇ ಕೇಳಿದ.

"ಮಹಾಲಿಂಗಯ್ಯನೋರೇ, ಕುಣಿಗಲ್‌ನಾಗೆ ಇಸ್ಮಾಯಿಲ್ ಅಂತ ಅವ್ರಲ್ಲ, ಅವ್ರು ನಿಮ್ಗೆ ಏನಾಗ್ಬೇಕು?"

"ಸ್ನೇಹಿತ ಸಾರ್. ಚಿಕ್ಕಂದಿನಿಂದ."

"ಹೋದ ಶುಕ್ರವಾರ ಸಂಜೆ ಆರೂ ಇಪ್ಪತ್ಕೆ ಅವ್ರ ಜತೆ ಹನ್ನೊಂದು ನಿಮಿಷ ಮಾತಾಡಿದೀರ. ಅಷ್ಟೊತ್ತು ಏನ್ ವಿಷ್ಯ?"

ಇಸ್ಮಾಯಿಲ್, ಆ ಹನ್ನೊಂದು ನಿಮಿಷ ನಾವು ಏನು ಮಾತಾಡಿದೆವು ಎಂದು ನಿನಗೆ ಗೊತ್ತು. ನನ್ನ ಮೂಲವ್ಯಾಧಿಗೆ ನಿಮ್ಮ ಬೀದಿಯ ಹಕೀಮರು ಕೊಡುವ ಪುಡಿ ಹಾಲಿಗೆ ಹಾಕಬೇಕೋ ಮಜ್ಜಿಗೆಗೆ ಹಾಕಬೇಕೋ ಎಂದು ಕೇಳಿದ್ದೆ. ಹೆಂಡತಿಗೂ ಹೇಳಿರದ ವಿಷಯ. ಅದನ್ನು ಆ ಇಬ್ಬರ ಮುಂದೆ ಬಾಯಿಬಿಟ್ಟು ಹೇಳಿದೆ. ಒಬ್ಬ ಡೈರಿಯಲ್ಲಿ ಬರೆದುಕೊಂಡ. ನಗಲಿಲ್ಲ. ನಕ್ಕಿದ್ದರೆ ನನಗೆ ಅಷ್ಟು ಭಯ ಆಗುತ್ತಿರಲಿಲ್ಲ.

ಆಮೇಲೆ ನಿಜವಾದ ವಿಷಯ ಬಂತು. ನಿನ್ನ ಮಗನ, ನಮ್ಮ ಮುಜೀಬನ ಹೆಸರಿನಲ್ಲಿ ಒಂದು ಸಿಮ್ ಇದೆಯಂತೆ. ಅವನು ಕೆಲಸ ಮಾಡುವ ನಿಟ್ಟೂರಿನ ಗ್ಯಾರೇಜಿನಲ್ಲಿ ಇಟ್ಟುಕೊಂಡಿರುವುದಲ್ಲ, ಬೇರೆ. ಯಾವುದೋ ದೊಡ್ಡ ಕೇಸಿನಲ್ಲಿ ಸಿಕ್ಕಿಬಿದ್ದವನ ಫೋನಿನಲ್ಲಿ ಆ ನಂಬರು ಇದೆ. ಯಾವ ಕೇಸು ಎಂದು ಹೇಳಲಿಲ್ಲ. ಕೇಳುವ ಧೈರ್ಯವೂ ನನಗೆ ಬರಲಿಲ್ಲ. ಆ ನಂಬರು ಯಾವ ದಿನ ಯಾವ ಟವರಿನ ಕೆಳಗಿತ್ತು ಎಂದು ಅವರ ಹತ್ತಿರ ಪಟ್ಟಿ ಇದೆ. ಎರಡು ದಿನ ನಿಟ್ಟೂರಿನ ಟವರಿನಲ್ಲೂ ಇತ್ತಂತೆ. ರೈಲ್ವೆ ಸ್ಟೇಷನ್ ಇರುವ ಊರು, ನೂರು ಜನ ಹತ್ತಿ ಇಳಿಯುತ್ತಾರೆ ಎಂದೆ. "ನಿಮ್ಮ ಹುಡ್ಗಾನೂ ಅಲ್ಲೇ ಅವ್ನಲ್ಲ" ಎಂದ.

ಯಾರೋ ಅವನ ಕಾಗದಪತ್ರ ಉಪಯೋಗಿಸಿಕೊಂಡು ಸಿಮ್ ತೆಗೆದಿದ್ದಾರೆ, ಅಷ್ಟು ಮಾತ್ರ ನನಗೆ ಗೊತ್ತು. ಮುಜೀಬನ ಸರ್ಕಾರಿ ಕೆಲಸದ ಪೊಲೀಸ್ ವೆರಿಫಿಕೇಶನ್ ಇನ್ನೂ ಆಗಿಲ್ಲ ಎನ್ನುವುದೇ ನನಗೆ ಚಿಂತೆ. ನಿಮ್ಮ ಮನೆತನದಲ್ಲಿ ಮೊದಲ ಸರ್ಕಾರಿ ಮೆಕ್ಯಾನಿಕ್. ಅವನ ಅರ್ಜಿಯ ಒಂದೊಂದು ಹಾಳೆಯನ್ನೂ ಜೆರಾಕ್ಸ್ ಮಾಡಿಕೊಟ್ಟವನು ನಾನು. ಈಗ ಪೊಲೀಸರು ಒಂದು ಕೆಟ್ಟ ಸಾಲು ಬರೆದರೆ ಎಲ್ಲ ಮುಗಿಯಿತು.

ಹೊರಡುವಾಗ ಒಂದು ನಂಬರು ಕೊಟ್ಟರು. "ಹುಡ್ಗ ನಿಮ್ಮ ಅಂಗ್ಡಿ ಕಡೆ ಬಂದ್ರೆ ಒಂದು ಮಿಸ್ಡ್ ಕಾಲ್ ಕೊಡಿ ಸಾಕು. ಮಾತಾಡೋದೇನೂ ಬ್ಯಾಡ" ಎಂದರು. ನಾನು ಕೊಡುವುದಿಲ್ಲ, ಅದು ನಿನಗೆ ಗೊತ್ತಿರಲಿ. ಆದರೆ ಅವನನ್ನು ಈ ಕಡೆ ಕಳಿಸಬೇಡ. ನನ್ನ ಮೊಬೈಲನ್ನು ಬಂದ್ ಮಾಡಿ ಬ್ಯಾಟರಿ ತೆಗೆದು ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೇನೆ. ಲಕ್ಷ್ಮೀದೇವಮ್ಮ "ಮೊಬೈಲೇನು ಮೊಳಕೆ ಬರ್ತದಾ" ಎಂದು ಹಾಸ್ಯ ಮಾಡುತ್ತಾಳೆ. ಹಾಸ್ಯ ಮಾಡಿದ ಮೇಲೆ ಅವಳೇ ಎದ್ದು ಹೋಗಿ ಬಾಗಿಲು ಹಾಕುತ್ತಾಳೆ.

ಮಕ್ಕಳಿಗೆ ನನ್ನ ಆಶೀರ್ವಾದ. ಧೈರ್ಯವಾಗಿರು.

ನಿನ್ನ
ಮಹಾಲಿಂಗಯ್ಯ


ಉಪ್ಪಾರಹಳ್ಳಿ, ತುಮಕೂರು
2 ಡಿಸೆಂಬರ್ 2007

ಪ್ರೀತಿಯ ಇಸ್ಮಾಯಿಲ್,

ಗಂಗಣ್ಣ ನಿನ್ನ ಕಾಗದ ಕೊಟ್ಟು ಐದು ದಿನವಾಯಿತು. ತಡವಾಯಿತು, ಕ್ಷಮಿಸು. ಐದು ದಿನವೂ ಬರೆಯಲು ಕೂತು ಎದ್ದಿದ್ದೇನೆ. ಮುಜೀಬನನ್ನು ಸೋಮವಾರ ಬಿಟ್ಟರು ಎಂದು ನೀನು ಬರೆದಿರುವುದನ್ನು ಓದಿ ಲಕ್ಷ್ಮೀದೇವಮ್ಮ ದೇವರ ಮುಂದೆ ದೀಪ ಹಚ್ಚಿದಳು. ಪ್ರತಿ ಭಾನುವಾರ ಠಾಣೆಗೆ ಹೋಗಿ ಸಹಿ ಹಾಕಬೇಕು ಎನ್ನುವುದನ್ನು ಅವಳಿಗೆ ಓದಿ ಹೇಳಲಿಲ್ಲ. ಇವತ್ತು ಭಾನುವಾರ. ಈ ಹೊತ್ತಿಗೆ ಅವನು ಅಲ್ಲಿ ಬೆಂಚಿನ ಮೇಲೆ ಕೂತಿರುತ್ತಾನೆ.

"ಮಗ ಊಟ ಮಾಡ್ತಿಲ್ಲ, ಮೊಬೈಲ್ ಮುಟ್ತಿಲ್ಲ, ತಂಗಿ ಯಾಸ್ಮೀನ್ ಮಾತಾಡ್ಸಿದ್ರೆ ಕಿಟಕಿ ಕಡೆ ನೋಡ್ತಾನೆ, ಮಹಾಲಿಂಗಯ್ಯನೋರ ಅಂಗ್ಡೀಲಿ ಏನ್ ನಡೀತು ಅಂತ ಕೇಳಿದ್ರೆ ಒಂದು ಮಾತೂ ಹೇಳಲ್ಲ" ಎಂದು ಜಮಾಲುನ್ನೀಸಾ ಅಂದಳೆಂದು ಬರೆದಿದ್ದೀಯ. ಅವನು ಹೇಳದೆ ಇರುವುದನ್ನು ನಾನು ಹೇಳುತ್ತೇನೆ.

ಹೋದ ತಿಂಗಳ ಇಪ್ಪತ್ತೆರಡು, ಗುರುವಾರ, ಅವನು ಬಂದ. ಹೋಗಬೇಡ ಎಂದು ನೀನು ಅವನಿಗೆ ಹೇಳಿದ್ದೆ, ಅವನೇ ಕೇಳಲಿಲ್ಲ. ಫೋನ್ ಮಾಡಿ ನೋಡಿದನಂತೆ, ನನ್ನದು ಬಂದ್ ಆಗಿತ್ತು. "ಯಾರು ದೊಡ್ಡಪ್ಪ ನನ್ ಹೆಸ್ರಲ್ಲಿ ಸಿಮ್ ತಗೊಂಡಿದ್ದು? ನೀವ್ ಹೆಂಗಾದ್ರೂ ಪತ್ತೆ ಮಾಡ್ತೀರ ಅಂತ ಅಬ್ಬಾ ಅಂತಿದ್ರು" ಎಂದ. ಕೈಯಲ್ಲಿ ಇನ್ನೂ ಗ್ರೀಸ್ ಇತ್ತು. ನಾನು ನೀರು ಕೊಟ್ಟೆ. ಯಾರಿಗೂ ಮಿಸ್ಡ್ ಕಾಲ್ ಕೊಡಲಿಲ್ಲ, ಈಶ್ವರನಾಣೆ ಕೊಡಲಿಲ್ಲ. ಕಾಲು ಗಂಟೆಯೊಳಗೆ ಜೀಪು ಬಂತು. ನನ್ನ ಸಹಾಯ ಅವರಿಗೆ ಬೇಕಾಗಿಯೇ ಇರಲಿಲ್ಲ. ಅವನ ಜೇಬಿನಲ್ಲಿದ್ದ ಮೊಬೈಲೇ ದಾರಿಯುದ್ದಕ್ಕೂ ಹೇಳಿಕೊಂಡು ಬಂದಿತ್ತು.

ಅಂದು ಸ್ಟೂಲಿನ ಮೇಲೆ ಕೂತಿದ್ದ ಆ ಮರ್ಯಾದಸ್ಥ ಒಂದು ಹಾಳೆ ತೆಗೆದು ಕೌಂಟರಿನ ಮೇಲೆ ಹರಡಿದ. ಸಿಮ್ ಕೊಡುವಾಗ ತುಂಬುವ ಫಾರಂ. ಮುಜೀಬನ ಫೋಟೋ, ಮುಜೀಬನ ವಿಳಾಸ, ಕೆಳಗೆ ಒಂದು ಸಹಿ, ಅದರ ಪಕ್ಕದಲ್ಲಿ ನನ್ನ ಅಂಗಡಿಯ ಸೀಲು.

"ಈ ಸೈನ್ ಇವ್ನದೇನಾ?" ಎಂದು ನನ್ನನ್ನು ಕೇಳಿದ.

ಮುಜೀಬ ನನ್ನ ಕಡೆ ತಿರುಗಿ, "ದೊಡ್ಡಪ್ಪ, ನಾನ್ ಯಾವತ್ತು ತಗೊಂಡೆ? ನೀವೇ ಹೇಳಿ ಸಾರ್‌ಗೆ" ಎಂದ.

ನಾನು "ಇರ್ಬೋದು ಸಾರ್, ದಿನಾ ಬೇಜಾನ್ ಜನ ಬರ್ತಾರೆ, ಗ್ಯಾಪ್ಕ ಇರಕ್ಕಿಲ್ಲ" ಎಂದೆ.

ಆ ಸಹಿ ನನ್ನದು, ಇಸ್ಮಾಯಿಲ್. ಫಾರಂ ತುಂಬಿದವನೂ ನಾನೇ. ಹೋದ ಕಾಗದದಲ್ಲಿ 'ಯಾರೋ' ಎಂದು ಬರೆದೆನಲ್ಲ, ಆ ಯಾರೋ ನಾನು.

ನನ್ನ ಒಂದು ಚಟ ನಿನಗೆ ಗೊತ್ತು. ನಮ್ಮವರು ಯಾರೇ ಬಂದು ರೇಷನ್ ಕಾರ್ಡು, ಮಾರ್ಕ್ಸ್ ಕಾರ್ಡು ಜೆರಾಕ್ಸ್ ಮಾಡಿಸಿದರೂ ನಾನು ಒಂದು ಕಾಪಿ ಜಾಸ್ತಿ ತೆಗೆದು, ಉಳಿದ ಫೋಟೋ ಇದ್ದರೆ ಅದನ್ನೂ ಸೇರಿಸಿ ಬಾಕ್ಸ್ ಫೈಲಿನಲ್ಲಿ ಇಟ್ಟುಕೊಳ್ಳುತ್ತೇನೆ. ಮಳೆಗೆ ನೆನೆಯಿತು, ಇಲಿ ಕಡಿಯಿತು, ಕಳೆದುಹೋಯಿತು ಎಂದು ಜನ ಓಡಿಬಂದಾಗ ತೆಗೆದುಕೊಟ್ಟರೆ ಅವರ ಮುಖದ ಸಂತೋಷ ನೋಡಬೇಕು. ಅಡವಿಯಪ್ಪನ ಹೆಂಡತಿಗೆ ವಿಧವಾ ವೇತನ ಬಂದದ್ದೇ ನನ್ನ ಫೈಲಿನಿಂದ. ಅದರ ಮೇಲೆ ನನಗೆ ಎಷ್ಟು ಜಂಬ ಇತ್ತು ಎಂದರೆ, ಯಾರನ್ನೂ ಕೇಳದೆ ಇಟ್ಟುಕೊಂಡಿದ್ದೇನೆ ಎನ್ನುವುದು ಒಂದು ದಿನವೂ ತಲೆಗೆ ಹೊಳೆಯಲಿಲ್ಲ. ಈಗ ಅಂಥ ಮೂರು ಫೈಲೂ ಪೊಲೀಸರ ಹತ್ತಿರ ಇವೆ. ಇಡೀ ಉಪ್ಪಾರಹಳ್ಳಿಯ ಹೆಸರು, ವಯಸ್ಸು, ಮನೆಯಲ್ಲಿ ಎಷ್ಟು ಜನ, ಎಲ್ಲರ ಮುಖ. ಒಂದೇ ಸಲ ಎತ್ತಿಕೊಂಡು ಹೋದರು. ಜನಕ್ಕೆ ಗೊತ್ತಾಗಿದೆ. ಕದರಮ್ಮ ನಿನ್ನೆ ಬಂದು, "ನನ್ ಮಗ್ಳು ಪೋಟಾನೂ ಅದ್ರಾಗ್ ಐತಾ ಸ್ವಾಮಿ?" ಎಂದು ಕೇಳಿದಳು. ಇದೆ ಎಂದೆ. ಸೆರಗು ಬಾಯಿಗೆ ಒತ್ತಿಕೊಂಡು ಹೋದಳು. ಬೈದಿದ್ದರೆ ವಾಸಿಯಾಗಿತ್ತು.

ಹೋದ ವರ್ಷ ಶ್ರಾವಣದಲ್ಲಿ ಒಬ್ಬ ಬಂದಿದ್ದ. ಊರ್ಡಿಗೆರೆಯವನು ಎಂದ. ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ್ದೇನೆ, ಮೊಬೈಲ್ ಬಿದ್ದುಹೋಯಿತು, ಊರಿಗೆ ಸುದ್ದಿ ಮುಟ್ಟಿಸಬೇಕು, ಒಂದು ಸಿಮ್ ಕೊಡಿ, ಕಾಗದಪತ್ರ ನಾಳೆ ತರುತ್ತೇನೆ ಎಂದು ಕಣ್ಣಲ್ಲಿ ನೀರು ಹಾಕಿಕೊಂಡ. ಅಂಥವರಿಗೆ ಬೇರೆಯವರ ಕಾಪಿ ಹಚ್ಚಿ ಸಿಮ್ ಕೊಡುವುದು ಈ ಊರಿನ ಎಲ್ಲ ಅಂಗಡಿಗಳಲ್ಲೂ ನಡೆಯುತ್ತಿತ್ತು. ನಾನು ಅದುವರೆಗೆ ಮಾಡಿರಲಿಲ್ಲ. ಪರರ ಕಾಗದ ಮುಟ್ಟುವುದು ತಪ್ಪು, ಮುಜೀಬ ಆದರೆ ನಮ್ಮ ಹುಡುಗ, ಅವನನ್ನು ಕೇಳುವುದೇನಿದೆ ಎಂದುಕೊಂಡು ಅವನ ಕಾಪಿ ಹಚ್ಚಿ ಕೊಟ್ಟೆ. ನಿಮ್ಮ ಮನೆಗೆ ಬಂದರೆ ನಾನು ಅಡುಗೆಮನೆಗೆ ಹೋಗಿ ನೀರು ಕುಡಿಯುವುದಿಲ್ಲವೇ, ಹಾಗೆ. ಆ ಮನುಷ್ಯ ಮರುದಿನ ಬರಲಿಲ್ಲ. ನಾನು ಮರೆತೆ.

ಸಿದ್ದಾರ್ಥನಿಗೆ ಎಲ್ಲ ಹೇಳಿದೆ. ಬಿ.ಇಡಿ. ಮುಗಿಸಿದ ಮಗ, ತಂದೆಗೆ ಬುದ್ಧಿ ಹೇಳುತ್ತಾನೆ ಎಂದುಕೊಂಡಿದ್ದೆ. "ಸುಮ್ನಿರಪ್ಪ. ಒಪ್ಕೊಂಡ್ರೆ ನಿನ್ನ ಒಳಗ್ ಹಾಕ್ತಾರೆ. ಅವ್ನನ್ನ ಹೆಂಗೂ ಬಿಟ್ಟಿದಾರಲ್ಲ" ಎಂದ. ನಾನು ಸುಮ್ಮನಿದ್ದೆ. ಜೀಪು ಬಂದ ದಿನದಿಂದ ಲೆಕ್ಕ ಹಾಕಿದರೆ ಹತ್ತು ದಿನ ಸುಮ್ಮನಿದ್ದೆ. ಮುಜೀಬನನ್ನು ಠಾಣೆಯಲ್ಲಿ ನಾಲ್ಕು ರಾತ್ರಿ ಇಟ್ಟುಕೊಂಡಿದ್ದಾಗಲೂ ನಾನು ಮನೆಯಲ್ಲಿ ಊಟ ಮಾಡಿ ಮಲಗಿದ್ದೇನೆ, ಇಸ್ಮಾಯಿಲ್. ನಿದ್ದೆ ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಮೂರನೆಯ ದಿನ ನಿದ್ದೆ ಬಂತು.

ಈಗ ಆಗಬೇಕಾದ್ದು ಕೇಳು. ಇವತ್ತೇ ಗಂಗಣ್ಣ ತರುವ ಈ ಕಾಗದವನ್ನು ನಿಮ್ಮ ವಕೀಲರಿಗೆ ಕೊಡು. ನನ್ನ ಕೈಬರಹ ಇದೇ, ಫಾರಂ ಮೇಲಿನದಕ್ಕೆ ತಾಳೆ ನೋಡಲಿ. ನಾಳೆ ಸೋಮವಾರ ಮೊದಲ ಬಸ್ಸಿಗೆ ಕುಣಿಗಲ್‌ಗೆ ಬರುತ್ತೇನೆ, ಅವರು ಎಲ್ಲಿ ಸಹಿ ಹಾಕು ಎನ್ನುತ್ತಾರೋ ಅಲ್ಲಿ ಹಾಕುತ್ತೇನೆ. ನಾನು ಬರುತ್ತಿರುವುದು ಪೊಲೀಸರಿಗೆ ಆಗಲೇ ತಿಳಿದಿದ್ದರೂ ಇರಬಹುದು. ಎದುರಿನ ಬೇಕರಿಯಲ್ಲಿ ಒಬ್ಬ ಮೂರು ದಿನದಿಂದ ಒಂದೇ ಪೇಪರು ಓದುತ್ತಿದ್ದಾನೆ. ನಾನು ಬರದೇ ಹೋದರೆ ಭಯಪಟ್ಟು ಉಳಿದುಕೊಂಡ ಎಂದು ತಿಳಿಯಬೇಡ, ಈ ಹಾಳೆಗಳನ್ನು ಮುಂದಿಟ್ಟುಕೊಂಡು ನೀವು ಕೆಲಸ ನಡೆಸಿ. ವೆರಿಫಿಕೇಶನ್ ಆಫೀಸಿಗೂ ಇದರ ಕಾಪಿ ಕೊಡಿ.

ಮುಜೀಬನಿಗೆ ನನ್ನ ಆಶೀರ್ವಾದ ಎಂದು ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ. ದೇವರು ಆ ಮಗುವಿಗೆ ಅವನ ಕೆಲಸವನ್ನು ಕೊಡಲಿ, ಯಾಸ್ಮೀನ್‌ಗೆ ಒಳ್ಳೆಯದು ಮಾಡಲಿ. ಜಮಾಲುನ್ನೀಸಾಗೆ ನನ್ನ ಮುಖ ತೋರಿಸುವುದು ಹೇಗೋ ಕಾಣೆ.

ನಿನ್ನ
ಮಹಾಲಿಂಗಯ್ಯ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು. ಈ ಚೀಟಿಯನ್ನು ಬೇರೆ ಹಾಳೆಯಲ್ಲಿ ಬರೆಯುತ್ತಿದ್ದೇನೆ, ವಕೀಲರಿಗೆ ಬೇಡ, ನಿನಗೆ ಮಾತ್ರ. ಆ ದಿನ ಫೈಲು ತೆಗೆದಾಗ ಮೊದಲು ಕೈಗೆ ಬಂದದ್ದು ಸಿದ್ದಾರ್ಥನ ಕಾಪಿ. ಫೋಟೋ ಸಮೇತ ಇತ್ತು. ಅದನ್ನು ಫಾರಂ ಮೇಲೆ ಇಟ್ಟೂ ಇದ್ದೆ. ನಾಳೆ ಏನಾದರೂ ಹೆಚ್ಚುಕಮ್ಮಿ ಆದರೆ ಎಂದು ಒಂದು ಗಳಿಗೆ ಅನ್ನಿಸಿತು. ಅದನ್ನು ಎತ್ತಿ ಒಳಗಿಟ್ಟು ಮುಜೀಬನದನ್ನು ಹುಡುಕಿ ತೆಗೆದೆ.