ಒಂಬತ್ತನೇ ಜುನಿಪರ್

ಪ್ರೀತಿಯ ಅಕ್ಕನಿಗೆ,

ಹಿತ್ತಿಲಲ್ಲಿ ತಾನಾಗಿ ಹುಟ್ಟಿದೆಯೆಂದು ನೀನು ಕಳಿಸಿದ್ದ ಜುನಿಪರ್ ಗಿಡದ ಎಲೆಯಿಂದ ನಮ್ಮ ಪ್ರಯೋಗಾಲಯದಲ್ಲಿ ಎಣ್ಣೆ ಇಳಿಸಿದೆ. ಒಂದೇ ಗುಡ್ಡದ ಮರಗಳಲ್ಲೂ ಎಲೆಯ ಎಣ್ಣೆ ಬೇರೆ ಬೇರೆ. ಒಂದು ಕರ್ಪೂರದಂತೆ ಘಾಟು, ಪಕ್ಕದ್ದು ನಿಂಬೆಯ ಪರಿಮಳ. ಬೀಜದಿಂದ ಹುಟ್ಟಿದ ಗಿಡ ತಾಯಿಮರವನ್ನೂ ಪೂರ್ತಿ ಹೋಲುವುದಿಲ್ಲ. ರೆಂಬೆ ಕಡಿದು ನೆಟ್ಟರೆ ಮಾತ್ರ ಪಡಿಯಚ್ಚು.

ನಿನ್ನ ಗಿಡದ್ದು, ನಾವು ಹಿಂದೆ ಸಂಖ್ಯೆ ಹಾಕಿ ಪರೀಕ್ಷಿಸಿದ್ದ ಗುಡ್ಡದ ಮರಗಳಲ್ಲಿ ಒಂಬತ್ತನೇ ಮರದ ಎಣ್ಣೆಯ ಪಡಿಯಚ್ಚು. ಮೂರು ಸಲ ಯಂತ್ರಕ್ಕೆ ಹಾಕಿ ನೋಡಿದೆ. "ಸೀಸೆ ಅದಲುಬದಲಾಗಿರ್ಬೇಕು ಬಿಡಮ್ಮಾ" ಅಂದರು ನಮ್ಮ ಮೇಲಿನವರು. ಆಗಿಲ್ಲ.

ಹೋದ ವರ್ಷ ಎಲೆ ತರಲು ಹೋದ ಭಾವನ ಬೂಟುಗಳಷ್ಟೇ ಸಿಕ್ಕಿದ್ದು ಆ ಮರದ ಬುಡದಲ್ಲೇ. ಮರುದಿನದ ಕಾಳ್ಗಿಚ್ಚಿನಲ್ಲಿ ಮರವೂ ಬೂದಿಯಾಯಿತು. ಹಾಗಾದರೆ ಅದು ಸುಡುವ ಮೊದಲೇ ರೆಂಬೆ ಕಡಿದು, ನಿನ್ನ ಹಿತ್ತಿಲಲ್ಲಿ ನೆಟ್ಟವರು ಭಾವನೇ ಇರಬೇಕು.

"ದಿನಾ ಬೆಳಗ್ಗೆ ಗಿಡದ ಬುಡ ಒದ್ದೆಯಾಗಿರುತ್ತದೆ, ನೀರು ಹಾಕುತ್ತಿರುವುದು ನಾನಲ್ಲ" ಎಂದು ನೀನು ಸಂತೋಷದಿಂದ ಬರೆದಿದ್ದೀಯ. ಭಾವ ಬದುಕಿದ್ದರೆ ಮುಂಬಾಗಿಲಿಗೆ ಬರುತ್ತಿದ್ದರು, ಅಕ್ಕಾ.

ಸೋಮವಾರ ಮೊದಲ ಬಸ್ಸಿಗೇ ಬರುತ್ತೇನೆ. ಎರಡು ಜೊತೆ ಬಟ್ಟೆ ಕಟ್ಟಿಟ್ಟುಕೊಂಡಿರು. ಅಲ್ಲಿಯವರೆಗೆ ಹಿತ್ತಿಲ ಬಾಗಿಲ ಅಗಳಿ ತೆಗೆಯಬೇಡ. ಭಾವನ ದನಿಯಲ್ಲೇ ನಿನ್ನ ಹೆಸರು ಹಿಡಿದು ಕರೆದರೂ ತೆಗೆಯಬೇಡ.

ನಿನ್ನ ತಂಗಿ