ಪಾಸ್ ಇದ್ದ ರಕ್ತ

ಹೊಕ್ಕುಳಬಳ್ಳಿ ರಕ್ತದ ಬ್ಯಾಂಕಿನ ಮ್ಯಾನೇಜರರೇ,

ಮಗಳ ಹುಟ್ಟುಹಬ್ಬಕ್ಕೆ ಈ ವರ್ಷವೂ ನೀವು ಕಳಿಸಿದ ಶುಭಾಶಯ ತಲುಪಿತು. ಅವಳ ಬಳ್ಳಿಯ ರಕ್ತವನ್ನು ಯಂತ್ರದಲ್ಲಿ ತಿರುಗಿಸಿ, ಕೆಂಪುಕಣ ತೆಗೆದು, ಜೀವ ಉಳಿಸುವ ಕಣಗಳನ್ನು ಮಾತ್ರ ಸಾರಜನಕದ ಚಳಿಯಲ್ಲಿ ಕಾಪಾಡಿದ್ದೇವೆ ಎಂದು ಬರೆದಿದ್ದೀರಿ. ಬಹಳ ಸಂತೋಷ.

ಕೊರೋನಾ ಕಾಲದಲ್ಲಿ ಅವಳು ಮಂಜೇಶ್ವರದ ಆಸ್ಪತ್ರೆಯಲ್ಲಿ ಉಸಿರು ಕಟ್ಟಿ ಹುಟ್ಟಿದಳು. ಮಂಗಳೂರಿಗೆ ಹೊರಟ ನಮ್ಮ ಆಂಬುಲೆನ್ಸನ್ನು ಕೇರಳ-ಕರ್ನಾಟಕ ಗಡಿಯಲ್ಲಿ ತಡೆದರು. ಅದೇ ಆಸ್ಪತ್ರೆಯಿಂದ ರಕ್ತ ಹೊತ್ತು ಹಿಂದೆಯೇ ಬಂದ ನಿಮ್ಮ ವ್ಯಾನನ್ನು ಬಿಟ್ಟರು.

“ಸಾರ್, ಅದರಲ್ಲಿರುವುದು ಇದೇ ಮಗುವಿನ ರಕ್ತ ಮಾರಾಯ್ರೆ!” ಎಂದು ನನ್ನ ಗಂಡ ಪ್ರವೀತ್ ಕೂಗಿದರು.

“ರಕ್ತಕ್ಕೆ ಪಾಸ್ ಉಂಟು. ಮಗುವಿಗೆ ಎಂತ ಉಂಟು?” ಎಂದ ಪೊಲೀಸಿನವ.

ಮಗು ಆ ರಸ್ತೆಯಲ್ಲೇ ತೀರಿಹೋಯಿತು. ನೀವು ಕಣಗಳನ್ನು ಬೇರೆ ಮಾಡುವ ಮೊದಲೇ ಆ ಗಡಿ ಮಗುವನ್ನೂ ರಕ್ತವನ್ನೂ ಬೇರೆ ಮಾಡಿ ಮುಗಿಸಿತ್ತು.

ನಮ್ಮಲ್ಲಿ ಬಳ್ಳಿಯನ್ನು ಹಿತ್ತಿಲಲ್ಲಿ ಹೂಳುವುದು ಕ್ರಮ. ಮಗುವನ್ನೂ ಅಲ್ಲೇ ಹೂಳಿದೆವು. ಆ ರಕ್ತವನ್ನು ವಾಪಸು ಕಳಿಸಿ, ಅದೂ ಅವಳ ಪಕ್ಕದ ಮಣ್ಣಿಗೆ ಸೇರಲಿ.

ಚೀಲದ ಮೇಲೆ ‘ವಾರಿಜಾಳ ಮಗು’ ಎಂದಿರುತ್ತದೆ, ಹುಡುಕಿ. ಹೆಸರಿಡುವ ದಿನದವರೆಗೆ ಅವಳು ಉಳಿಯಲಿಲ್ಲ.

ಇತಿ,
ವಾರಿಜಾ
ಕುಂಜತ್ತೂರು